ಖಾಲಿ ಗಾಡಿಗೆ ಕಟ್ಟಿದ ಕಮಾನು

ಹೋದ ತಿಂಗಳು ಇಲ್ಲಿ ಸಂಭಾಜಿನಗರದಲ್ಲಿ ನಮ್ಮ ಕನ್ನಡ ಸಂಘದವರು ವಾಳೂಜ್ ಮತ್ತು ಶೇಂದ್ರಾದ ಕಾರ್ಖಾನೆಗಳಿಗೆ ಹೊಸದಾಗಿ ಸೇರಿದವರನ್ನೆಲ್ಲ ಕರೆದು ಒಂದು ಸಭೆ ಮಾಡಿದರು. "ವೈಜನಾಥ ಕಾಕಾ, ನೀವೂ ನಾಲ್ಕು ಮಾತು ಹೇಳ್ರಿ" ಎಂದು ನನ್ನನ್ನೂ ವೇದಿಕೆಗೆ ಹತ್ತಿಸಿದರು. ನಾನು ಜೀಪಿನ ಕಮಾನಿನಿಂದ ಶುರುಮಾಡಿ, ಉಕ್ಕು ಕಾಯಿಸುವ ತನಕ ಬರುವಷ್ಟರಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಹೆಣ್ಣುಮಗಳು ನನ್ನ ಮುಂದೆ ಒಂದು ಚೀಟಿ ತಂದಿಟ್ಟಳು. ಊಟಕ್ಕೆ ಹೊತ್ತಾಯಿತು ಎಂದು ಅದರಲ್ಲಿ ಬರೆದಿತ್ತು. ನಾನು ಉಕ್ಕನ್ನು ಅರ್ಧ ಕಾಯಿಸಿ ಬಿಟ್ಟು ಕೆಳಗಿಳಿದೆ. ಕಾಗದಕ್ಕೆ ಊಟದ ಅವಸರವಿಲ್ಲ ನೋಡಿ, ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ನಾನು ಎಷ್ಟು ಗಾಡಿ ಮಾಡಿದೆ, ಯಾವ ಸಾಹೇಬರು ನನ್ನ ಬೆನ್ನು ತಟ್ಟಿದರು ಎಂಬುದನ್ನು ಬರೆಯುವುದಿಲ್ಲ. ಅದನ್ನು ಕೇಳಿ ಕೇಳಿ ನನ್ನ ಮನೆಯವರೇ ಸೋತಿದ್ದಾರೆ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ, ಅದನ್ನು ಹೇಗೆ ಸರಿಮಾಡಿದೆ ಎಂಬುದನ್ನೂ ಹೇಳುತ್ತೇನೆ. ಮೂವತ್ತೆಂಟು ವರ್ಷದ ದುಡಿಮೆಯಲ್ಲಿ ನನಗೆ ನಿಜವಾಗಿ ಹೆಮ್ಮೆ ಅನ್ನಿಸುವುದು ಆ ಒಂದು ಜೀಪಿನ ಬಗ್ಗೆಯೇ.

ಮೊದಲು ಕಮಾನು ಎಂದರೇನು ಎಂದು ಹೇಳಿಬಿಡುತ್ತೇನೆ. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಒಂದರ ಕೆಳಗೊಂದು ಜೋಡಿಸಿರುತ್ತಾರೆ. ಮೇಲಿನ ಪಟ್ಟಿ ಉದ್ದ, ಕೆಳಕ್ಕೆ ಹೋದಂತೆ ಗಿಡ್ಡ. ಜೀಪಿನ ಭಾರವೆಲ್ಲ ಇಂಥ ನಾಲ್ಕು ಕಮಾನುಗಳ ಮೇಲೆ ಕೂತಿರುತ್ತದೆ. ಗಾಲಿ ಗುಂಡಿಗೆ ಬಿದ್ದಾಗ ಹೊಡೆತವನ್ನು ಕಮಾನು ನುಂಗಬೇಕು. ಅದು ನುಂಗದಿದ್ದರೆ ಒಳಗೆ ಕೂತವನ ಬೆನ್ನುಹುರಿ ನುಂಗಬೇಕಾಗುತ್ತದೆ. ಈಗ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೀರಿ. ನಮ್ಮ ಕಾಲದಲ್ಲಿ ಕಣ್ಣು, ಕಿವಿ, ಸುತ್ತಿಗೆ ಇಷ್ಟೇ ಇದ್ದವು.

ನನ್ನ ಊರು ಬೀದರ ಜಿಲ್ಲೆಯ ಭಾಲ್ಕಿ ತಾಲೂಕು. ಅರವತ್ತರ ದಶಕದ ಶುರುವಿನಲ್ಲಿ ನಾಸಿಕಕ್ಕೆ ಬಂದೆ. ದ್ವಾರಕಾ ನಾಕಾದ ಹತ್ತಿರ, ಮುಂಬೈ–ಆಗ್ರಾ ರಸ್ತೆಯ ಪಕ್ಕದಲ್ಲಿ ನಮ್ಮ ಕಡೆಯ ಕಾಶಿನಾಥಪ್ಪ ಎಂಬವರ ಕಮಾನಿನ ಶೆಡ್ ಇತ್ತು. ಹುಮನಾಬಾದಿನ ಪಾಂಚಾಳರು. ಅವರ ಅಪ್ಪ ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರಂತೆ, ಇವರು ಲಾರಿಯ ತನಕ ಬಂದಿದ್ದರು. ಗಿರಾಕಿಗಳು ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು, ನಾನು ಕಾಕಾ ಎನ್ನುತ್ತಿದ್ದೆ. ಕಾಕಾ ಬೈಯುವುದು ಕಡಿಮೆ, ಆದರೆ ತಪ್ಪನ್ನು ಮರೆಯುತ್ತಿರಲಿಲ್ಲ, ಬೇರೆಯವರಿಗೂ ಮರೆಯಗೊಡುತ್ತಿರಲಿಲ್ಲ.

ಮೊದಲ ವರ್ಷದಲ್ಲೇ ಒಂದು ದಿನ ಅವರು ಊಟಕ್ಕೆ ಹೋದಾಗ ನಾನು ಜಾಣನಾಗಲು ಹೋದೆ. ಕಾದು ಕೆಂಪಗಾದ ಪಟ್ಟಿಯನ್ನು ಎಣ್ಣೆಯ ತೊಟ್ಟಿಗೆ ಅದ್ದಬೇಕು. ಎಣ್ಣೆಯ ಹೊಗೆ ಯಾರಿಗೆ ಬೇಕು ಎಂದು ನೀರಿನ ಡ್ರಮ್ಮಿಗೆ ಅದ್ದಿದೆ. ಪಟ್ಟಿ ನೋಡಲು ಚೆನ್ನಾಗಿಯೇ ಇತ್ತು. ಕಾಕಾ ಬಂದು ಸಣ್ಣ ಸುತ್ತಿಗೆಯಿಂದ ಒಂದು ಸಲ ತಟ್ಟಿದರು, ಗಾಜಿನ ಹಾಗೆ ಎರಡು ತುಂಡಾಯಿತು. ಆ ತುಂಡಿಗೆ ತಂತಿ ಕಟ್ಟಿ ಗೋಡೆಗೆ ನೇತುಹಾಕಿದರು. ಹೊಸ ಗಿರಾಕಿ ಬಂದಾಗಲೆಲ್ಲ "ಇದು ನಮ್ಮ ವೈಜೂನ ಸರ್ಟಿಫಿಕೇಟು" ಎಂದು ತೋರಿಸುತ್ತಿದ್ದರು.

ನಮ್ಮ ಶೆಡ್ಡಿಗೆ ಹೆಚ್ಚು ಬರುತ್ತಿದ್ದದ್ದು ಮಾಲೇಗಾಂವ್ ಕಡೆಯ ಲಾರಿಗಳು. ಮಗ್ಗದ ಬಟ್ಟೆಯ ಗಂಟುಗಳನ್ನು ಹೊರಬಹುದಾದ್ದಕ್ಕಿಂತ ಒಂದೂವರೆ ಪಟ್ಟು ಹೇರಿಕೊಂಡು ಓಡುತ್ತಿದ್ದವು. ಕಮಾನು ಮುರಿಯುವುದು, ಮಾಲಕರು ಬಂದು "ಇನ್ನೆರಡು ಪಟ್ಟಿ ಹಾಕಿ" ಎನ್ನುವುದು, ನಾವು ಹಾಕುವುದು. ಅದೇ ನನ್ನ ಶಾಲೆಯಾಯಿತು. ಐದಾರು ವರ್ಷದಲ್ಲಿ "ವೈಜನಾಥ ಕಟ್ಟಿದ ಕಮಾನು ಮುರಿಯುವುದಿಲ್ಲ" ಎಂದು ಡ್ರೈವರುಗಳು ಹೇಳುವಂತಾಯಿತು. ಈ ಮಾತು ನನ್ನ ತಲೆಗೆ ಏರಿತು. ಮುರಿಯದ ಕಮಾನೇ ಒಳ್ಳೆಯ ಕಮಾನು ಎಂದು ನಾನು ನಂಬಿಬಿಟ್ಟೆ.

ನಡುವೆ ಒಂದು ಸಲ ದ್ರಾಕ್ಷಿ ತೋಟದ ಒಬ್ಬರು ಜೀಪು ತಂದರು. ತೋಟದಿಂದ ನಾಸಿಕ್ ರೋಡ್ ಸ್ಟೇಷನ್ನಿಗೆ ಪೆಟ್ಟಿಗೆ ಸಾಗಿಸುವಷ್ಟರಲ್ಲಿ ತಳದ ಹಣ್ಣು ಒಡೆದು ರಸ ಸುರಿಯುತ್ತಿತ್ತು. ಕಾಕಾ ಆ ಜೀಪಿನಿಂದ ಎರಡು ದಪ್ಪ ಪಟ್ಟಿ ತೆಗೆದು ಒಂದು ತೆಳು ಪಟ್ಟಿ ಹಾಕಿದರು. ಗಾಡಿ ಮೊದಲಿಗಿಂತ ತಗ್ಗಿತು. ನನಗೆ ಅದು ಕೆಲಸ ಅನ್ನಿಸಲೇ ಇಲ್ಲ, ಕಾಕಾಗೆ ವಯಸ್ಸಾಯಿತು ಅಂದುಕೊಂಡೆ. ಮುಂದಿನ ವಾರ ತೋಟದವರು ಒಂದು ಬುಟ್ಟಿ ದ್ರಾಕ್ಷಿ ತಂದುಕೊಟ್ಟರು. ಹಣ್ಣನ್ನು ತಿಂದೆ, ಪಾಠವನ್ನು ಬಿಟ್ಟೆ.

ಎಪ್ಪತ್ತರ ಹೊತ್ತಿಗೆ ನನಗೆ ಲಗ್ನವಾಗಿ ಒಂದು ಮಗಳು ಹುಟ್ಟಿದ್ದಳು. ಸ್ವಂತ ಶೆಡ್ ಹಾಕುವ ಆಸೆ. ಕಾಕಾನ ಕಾಲಿಗೆ ಬಿದ್ದು ಔರಂಗಾಬಾದಿಗೆ, ಅಂದರೆ ಈಗಿನ ಸಂಭಾಜಿನಗರಕ್ಕೆ ಬಂದೆ. ಜಾಲನಾ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿದೆ. ಆಗ ವಾಳೂಜ್ ಬರೀ ಹೊಲ. ಜೀಪು ಇಟ್ಟುಕೊಂಡವರೆಲ್ಲ ಕಚ್ಚಾ ರಸ್ತೆಯಲ್ಲಿ ಓಡಾಡುವವರೇ, ಆದ್ದರಿಂದ ಕೆಲಸಕ್ಕೆ ಕೊರತೆಯಿರಲಿಲ್ಲ.

ಈ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲೂಕಿನ ಊರಿದೆ. ನಾನು ಮೊದಲ ಸಲ ಬಸ್ಸಿನ ಬೋರ್ಡು ನೋಡಿ ಖುಷಿಯಾಗಿ ಹೋಗಿಬಂದೆ, ಕನ್ನಡ ಮಾತಾಡುವವರು ಒಬ್ಬರೂ ಸಿಗಲಿಲ್ಲ. ಆ ಊರಿನಾಚೆ ಬೆಟ್ಟದ ಸಾಲು, ಬೆಟ್ಟದ ಸಂದಿಯಲ್ಲಿ ಬಂಜಾರರ ತಾಂಡಾಗಳು. ಅಲ್ಲಿ ಒಂದು ಟ್ರಸ್ಟಿನವರು ಸಣ್ಣ ಧರ್ಮಾರ್ಥ ದವಾಖಾನೆ ನಡೆಸುತ್ತಿದ್ದರು. ಅವರ ಬಳಿ ಒಂದು ಹಳೆಯ ಜೀಪಿತ್ತು. ಹೆರಿಗೆ ಕಷ್ಟವಾದ ಹೆಂಗಸರನ್ನು ತಾಂಡಾಗಳಿಂದ ದವಾಖಾನೆಗೆ, ಅಲ್ಲಿಂದ ಬೇಕಾದರೆ ಕನ್ನಡ ಊರಿನ ದೊಡ್ಡ ಆಸ್ಪತ್ರೆಗೆ ತರುವುದು ಅದರ ಕೆಲಸ. ಅದಕ್ಕೆ ಮೊದಲು ಹೆಂಗಸರನ್ನು ಮಂಚಕ್ಕೆ ಬಿದಿರು ಕಟ್ಟಿ ಹೊತ್ತು ತರುತ್ತಿದ್ದರಂತೆ, ಕೆಲವರು ದಾರಿಯಲ್ಲೇ ತೀರಿಹೋಗುತ್ತಿದ್ದರಂತೆ.

ಆ ಜೀಪಿನ ಹಿಂದಿನ ಕಮಾನು ಎರಡು ಸಲ ಮುರಿದಿತ್ತು. ಟ್ರಸ್ಟಿನ ಕಾರ್ಯದರ್ಶಿಗಳು ನನ್ನ ಹೆಸರು ಕೇಳಿ ಜೀಪು ಕಳಿಸಿದರು. ಶಿಸ್ತಿನ ಮನುಷ್ಯ, ಮರಾಠಿಯಲ್ಲೂ ಆರ್ಡರಿನ ಭಾಷೆಯಲ್ಲೇ ಮಾತಾಡುವವರು. "ಇನ್ನು ಇದು ಮುರಿಯಿತು ಎಂಬ ಸುದ್ದಿ ನನಗೆ ಬರಬಾರದು" ಎಂದರು. ನಾನು ಡ್ರೈವರನನ್ನು ಕೇಳಿದೆ, ಎಷ್ಟು ಜನ ಕೂರುತ್ತಾರೆ ಎಂದು. ಹಳ್ಳಿಗಳಲ್ಲಿ ಲಸಿಕೆಯ ಸೂಜಿ ಹಾಕುವ ದಿನ ಒಂಬತ್ತು ಜನ, ಮೇಲೆ ಔಷಧಿ ಪೆಟ್ಟಿಗೆ ಎಂದ. ಇಷ್ಟು ಸಾಕಾಯಿತು ನನಗೆ. ಲಾರಿಯ ಎರಡು ಪಟ್ಟಿಗಳನ್ನು ಕತ್ತರಿಸಿ, ಬಾಗಿಸಿ, ಹದ ಮಾಡಿ ಹಿಂದಿನ ಎರಡೂ ಕಮಾನುಗಳಿಗೆ ಸೇರಿಸಿದೆ. ಜ್ಯಾಕಿನ ಮೇಲೆ ಗಾಡಿ ಎತ್ತಿಟ್ಟು, ಗಾಲಿ ನೇತಾಡುತ್ತಿದ್ದಾಗಲೇ ಬೋಲ್ಟುಗಳನ್ನು ಕೈಸೋಲುವ ತನಕ ಬಿಗಿದೆ. ಟ್ರಯಲ್‌ಗೆ ಹೋದಾಗ ಡ್ರೈವರನ ಪಕ್ಕದ ಮುಂದಿನ ಸೀಟಿನಲ್ಲಿ ಕೂತೆ. ನಮ್ಮಲ್ಲಿ ಎಲ್ಲ ಮಿಸ್ತ್ರಿಗಳೂ ಹಾಗೆಯೇ ಮಾಡುತ್ತಿದ್ದರು. ಗುಂಡಿಯ ಮೇಲೆ ಹಾರಿಸಿದೆವು, ಕಮಾನು ಕಿರ್ರ್ ಎನ್ನಲಿಲ್ಲ. ಕಾರ್ಯದರ್ಶಿಗಳು ಕೈಕುಲುಕಿದರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ.

ಸುಮಾರು ಮೂರು ವಾರದ ಮೇಲೆ ಒಬ್ಬ ಹೆಣ್ಣುಮಗಳು ಛತ್ರಿ ಹಿಡಿದು ಶೆಡ್ಡಿಗೆ ಬಂದರು. ಬಿಳಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ನಲವತ್ತರ ಆಸುಪಾಸಿನ ವಯಸ್ಸು. ಎರಡು ಬಸ್ಸು ಬದಲಿಸಿ ಬಂದಿದ್ದರು.

"ಭಾಲ್ಕಿ ವೈಜನಾಥಪ್ಪ ನೀವೇ ಏನ್ರಿ?" ಎಂದು ಕನ್ನಡದಲ್ಲಿ ಕೇಳಿದರು. "ನಾ ಶಾಂತಾಬಾಯಿ. ಬಸವಕಲ್ಯಾಣದಾಕಿ. ಆ ದವಾಖಾನ್ಯಾಗ ನರ್ಸ್ ಇದೀನಿ."

ನಮ್ಮ ಕಡೆಯ ಮಾತು ಕೇಳಿ ನನಗೆ ಹಿಗ್ಗಾಯಿತು. ಕುರ್ಚಿ ಒರೆಸಿ ಕೊಟ್ಟು, "ಜೀಪು ಹ್ಯಾಂಗದರಿ ಅಕ್ಕಾ? ಮತ್ತ ಮುರೀತೇನು?" ಎಂದೆ.

"ಜೀಪು ಮುರಿದಿಲ್ಲರಿ. ಭಾಳ ಗಟ್ಟಿ ಅದ" ಎಂದರು. "ಒಳಗ ಕೂತ ಹೆಣ್ಮಕ್ಕಳೇ ಮುರಿಲಾಕತ್ತಾರ."

ಅವರು ಕೂತು ನಿಧಾನವಾಗಿ ಹೇಳಿದರು. ಮಥುರಾ ಎಂಬ ಹುಡುಗಿ, ಚೊಚ್ಚಲ ಬಸುರಿ. ನೋವು ಶುರುವಾಗಿ ಒಂದು ದಿನವಾಗಿತ್ತು. ತಾಂಡಾದಿಂದ ಜೀಪಿನಲ್ಲಿ ಮಲಗಿಸಿ ಹೊರಟಿದ್ದಾರೆ. ಎರಡನೆಯ ಹಳ್ಳ ದಾಟುವಾಗ ಅವಳು ಬೆಂಚಿನಿಂದ ಎಗರಿ ಕೆಳಗೆ ಬಿದ್ದಳು. ನಿಲ್ಲಿಸಿ ಎಂದು ಕೂಗಿ, ಇಳಿದು, ಅತ್ತೆಯ ಕೈ ಹಿಡಿದು ನಡೆದುಕೊಂಡೇ ವಾಪಸು ಹೊರಟಳು. ಶಾಂತಾಬಾಯಿ ಕಾಲಿಗೆ ಬೀಳುವುದೊಂದು ಬಾಕಿ, ಹುಡುಗಿ ಕೇಳಲಿಲ್ಲ. ಅರ್ಧ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ಹೆತ್ತಳು.

"ಇಬ್ಬರೂ ಉಳಿದಾರ. ಅದು ದೇವರ ಪುಣ್ಯ, ನಮ್ಮದಲ್ಲ" ಎಂದರು ಶಾಂತಾಬಾಯಿ. "ಈಗ ಆ ಕಡಿ ಯಾವ ತಾಂಡಾದಾಗೂ ಒಬ್ಬಾಕಿ ಜೀಪು ಹತ್ತವಲ್ಲಳು. ಮಂಚದ ಮ್ಯಾಲೇ ಒಯ್ರಿ ಅಂತಾರ. ಕಾರ್ಯದರ್ಶಿಗಳು ಹೇಳ್ಯಾರ, ಬರೋ ಮೀಟಿಂಗಿನ ತನಕ ಯಾರೂ ಹತ್ತಲಿಲ್ಲ ಅಂದ್ರ ಗಾಡಿ ಮಾರಿಬಿಡ್ತೀವಿ ಅಂತ. ಜೀಪು ಹೋದ್ರ ಮುಂದಿನ ಮಥುರಾ ಉಳಿಯೂದಿಲ್ಲರಿ."

ನಾನು ಆಗ ಆಡಿದ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ರಸ್ತೆ ಕೆಟ್ಟದಿದ್ದರೆ ನಾನೇನು ಮಾಡಲಿ ಎಂದೆ. ಡ್ರೈವರು ಜೋರಾಗಿ ಓಡಿಸಿರಬೇಕು ಎಂದೆ. ನಾನು ಕಟ್ಟಿದ್ದು ಗಟ್ಟಿಯಾಗಿದೆಯಲ್ಲ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಚೀಲ ಎತ್ತಿಕೊಂಡರು.

"ನೀವು ಒಮ್ಮೆ ಬಂದು ಹಿಂದ ಮಲಗಿ ನೋಡ್ರಿ. ಅಷ್ಟೇ ಕೇಳ್ತೀನಿ" ಎಂದರು.

ಮರುದಿನ ದವಾಖಾನೆಗೆ ಹೋದೆ. ಹಿಂದಿನ ಬೆಂಚಿನ ಮೇಲೆ ಚಾದರ ಹಾಸಿದ್ದರು. ಶಾಂತಾಬಾಯಿ ಎದುರಿನ ಬೆಂಚಿನಲ್ಲಿ ಕೂತರು, ನಾನು ಮಲಗಿದೆ. ಮೊದಲ ಅರ್ಧ ಮೈಲಿ ಹಲ್ಲು ಕಚ್ಚಿಕೊಂಡೆ. ಆಮೇಲೆ ರಸ್ತೆ ಎಂಬುದು ಮುಗಿದು ಕಲ್ಲು ಶುರುವಾಯಿತು. ಪ್ರತಿ ಕಲ್ಲಿಗೂ ಬೆಂಚು ಕೆಳಗಿನಿಂದ ನನ್ನನ್ನು ಒದೆಯುತ್ತಿತ್ತು. ಸೊಂಟ ಮೇಲೆ ಹಾರಿ ಬೀಳುತ್ತಿತ್ತು, ಬಿದ್ದ ಜಾಗದಲ್ಲಿ ಇನ್ನೊಂದು ಹೊಡೆತ ಕಾದಿರುತ್ತಿತ್ತು. ಹೊಟ್ಟೆಯೊಳಗಿನ ಕರುಳು ಜಾಗ ಬಿಟ್ಟಂತಾಯಿತು. ಮೂವತ್ತರ ಒಳಗಿನ ಗಟ್ಟಿ ಗಂಡಸು ನಾನು, ದಿನವಿಡೀ ಸುತ್ತಿಗೆ ಬೀಸುವವನು. ಒಂದು ಕಡೆ ನನ್ನ ಬಾಯಿಂದ ತಾನೇ ತಾನಾಗಿ ನಿಲ್ಲಿಸಪ್ಪ ಎಂಬ ಮಾತು ಬಂತು.

ಡ್ರೈವರು ನಿಲ್ಲಿಸಿದ. ಎದ್ದು ಕೂತು ಹೊರಗೆ ನೋಡಿದೆ, ಮುಂದೆ ಒಂದು ಹಳ್ಳವಿತ್ತು.

"ಈ ಕಡಿಂದ ಇದು ಮೊದಲನೇ ಹಳ್ಳರಿ" ಎಂದರು ಶಾಂತಾಬಾಯಿ. "ಆ ಹುಡುಗಿ ನಿಮಗಿಂತ ಒಂದು ಹಳ್ಳ ಹೆಚ್ಚಿಗಿ ತಡಕೊಂಡಾಳ."

ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟು ವರ್ಷ ಕಮಾನು ಕಟ್ಟಿದ್ದೆ, ಒಂದು ಸಲವೂ ಹಿಂದೆ ಕೂತಿರಲಿಲ್ಲ. ನಾನು ಗಾಡಿಗೆ ನೋವಾಗದಂತೆ ನೋಡಿಕೊಂಡಿದ್ದೆ, ಗಾಡಿಯೊಳಗಿನವರು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಆ ವಾರವೇ ಬಸ್ಸು ಹತ್ತಿ ವೈಜಾಪುರ, ಯೇವಲಾ ದಾಟಿ ನಾಸಿಕಕ್ಕೆ ಹೋದೆ. ಕಾಕಾ ಶೆಡ್ಡಿನ ಬಾಗಿಲಲ್ಲಿ ಮಂಚದ ಮೇಲೆ ಕೂತಿದ್ದರು, ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ನಡೆದದ್ದನ್ನೆಲ್ಲ ಬಿಡದೆ ಹೇಳಿದೆ.

"ಒಂಬತ್ತು ಮಂದಿ ಎಷ್ಟು ಸಲ ಕೂಡ್ತಾರ?" ಎಂದು ಕೇಳಿದರು.

"ತಿಂಗಳಿಗೊಮ್ಮೆ, ಕಾಕಾ."

"ಬಸುರಿ ಹೆಂಗಸು ಎಷ್ಟು ಸಲ?"

"ವಾರಕ್ಕೆರಡು ಸಲ."

"ಆವಾಗ ಗಾಡ್ಯಾಗ ಯಾರ್ಯಾರು?"

"ಆಕಿ, ಆಕಿ ಅತ್ತಿ, ನರ್ಸು, ಡ್ರೈವರು."

"ಅಂದ್ರ ಖಾಲಿ ಗಾಡಿ" ಎಂದರು ಕಾಕಾ. "ಖಾಲಿ ಗಾಡಿಗಿ ನೀ ಲಾರಿ ಕಮಾನು ಕಟ್ಟಿದಿ. ಅದು ಬಗ್ಗೂದೇ ಇಲ್ಲ, ಬರೇ ಒದೀತದ. ದ್ರಾಕ್ಷಿ ಒಡೀತದ ಅಂತ ನಾ ಪಟ್ಟಿ ತೆಗೆಯೋವಾಗ ನೀ ಬಾಜೂಕ ನಿಂತಿದ್ದಿ. ಹಣ್ಣಿಗಿ ಇದ್ದ ಕಿಮ್ಮತ್ತು ಹೆಣ್ಮಗಳಿಗಿ ಇಲ್ಲೇನು?"

ಜೀವನದಲ್ಲಿ ನಾನು ತಿಂದ ಏಟುಗಳಲ್ಲಿ ಇದೇ ದೊಡ್ಡದು, ಅದೂ ಕೈ ಎತ್ತದೆ ಕೊಟ್ಟದ್ದು. ಆಮೇಲೆ ಅವರು ಎದ್ದು ಒಳಗೆ ಹೋಗಿ, ತಡಕಾಡಿ, ಹಳೆಯ ಕಾರೊಂದರ ತೆಳುವಾದ ಉದ್ದನೆಯ ಪಟ್ಟಿಗಳ ಕಟ್ಟು ತಂದು ನನ್ನ ಮುಂದಿಟ್ಟರು. ಒಂದೊಂದನ್ನೂ ಎತ್ತಿ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಎರಡನ್ನು ಬೇಡವೆಂದು ತೆಗೆದಿಟ್ಟರು.

"ಇವು ಮ್ಯಾಲ ಇರಲಿ, ಖಾಲಿ ಇದ್ದಾಗ ಇವೇ ಬಗ್ಗಬೇಕು. ನಿನ್ನ ಒಂದು ದಪ್ಪ ಪಟ್ಟಿ ಎಲ್ಲಕ್ಕೂ ಕೆಳಗ, ನಡುವ ಸಂದು ಬಿಟ್ಟು ಹಾಕು. ಒಂಬತ್ತು ಮಂದಿ ಕೂತಾಗ ಮಾತ್ರ ಅದು ತಗಲಬೇಕು. ಮತ್ತ ಬೋಲ್ಟು ಬಿಗಿಯೂದು ಕೂಡೋರನ್ನ ಕೂಡ್ಸಿದ ಮ್ಯಾಲ. ತಿಳೀತಾ?"

ತಿಳಿಯಿತು. ಗಾಲಿ ನೇತಾಡುವಾಗ ಬಿಗಿದರೆ ಕಮಾನಿನ ತುದಿ ಹಾಗೆಯೇ ಹಿಡಿದುಕೊಂಡು, ಭಾರ ಬಿದ್ದಾಗ ಸಲೀಸಾಗಿ ಬಗ್ಗಲು ಬಿಡುವುದಿಲ್ಲ. ಶೆಡ್ಡಿಗೆ ಬಂದು ಜೀಪು ತರಿಸಿಕೊಂಡು ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಿಂದಿನ ಕಮಾನು ಪೂರ್ತಿ ಬಿಚ್ಚಿದೆ. ತೆಳು ಪಟ್ಟಿಗಳನ್ನು ಜೀಪಿನ ಅಳತೆಗೆ ಕತ್ತರಿಸಿ, ಕಾಯಿಸಿ, ಎಣ್ಣೆಗೆ ಅದ್ದಿ ಹದ ಮಾಡಿದೆ. ಪಟ್ಟಿಗಳ ಅಂಚು ಒಂದನ್ನೊಂದು ಕಚ್ಚದಂತೆ ಅರದಿಂದ ಉಜ್ಜಿ, ನಡುವೆ ಗ್ರ್ಯಾಫೈಟ್ ಗ್ರೀಸ್ ಹಚ್ಚಿದೆ. ಕೆಳಗಿನ ದಪ್ಪ ಪಟ್ಟಿಗೆ ಸಂದು ಎಷ್ಟು ಬಿಡಬೇಕೆಂದು ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದೆ. ಕಮಾನು ಮೆತ್ತಗಾದರೆ ಗಾಡಿ ತೊಟ್ಟಿಲಿನಂತೆ ತೂಗಾಡುತ್ತಲೇ ಇರುತ್ತದೆ, ಅದನ್ನು ತಡೆಯಲು ಶಾಕಪ್, ಅಂದರೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಬೇಕು. ಆ ಜೀಪಿನ ಹಳೆಯ ಶಾಕಪ್‌ಗಳಲ್ಲಿ ಎಣ್ಣೆಯೇ ಉಳಿದಿರಲಿಲ್ಲ. ಹೊಸ ಜೋಡಿ ಹಾಕಿದೆ. ಮೂಲೆ ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಎದ್ದು ಸುಮ್ಮನೆ ನಿಲ್ಲಬೇಕು, ಎರಡನೆಯ ಸಲ ಕುಣಿಯಬಾರದು. ಹಾಗೆ ನಿಂತಿತು. ಟಯರಿನ ಗಾಳಿಯನ್ನೂ ಸ್ವಲ್ಪ ಇಳಿಸಿದೆ.

ಬೋಲ್ಟು ಬಿಗಿಯುವ ದಿನ ಶಾಂತಾಬಾಯಿಯನ್ನು ಕರೆಸಿದೆ. ಅವರನ್ನೂ ಡ್ರೈವರನನ್ನೂ ಅವರವರ ಜಾಗದಲ್ಲಿ ಕೂರಿಸಿ, ಬೆಂಚಿನ ಮೇಲೆ ಒಬ್ಬ ಹೆಂಗಸಿನ ತೂಕದ ಜೋಳದ ಚೀಲ ಮಲಗಿಸಿ, ಅತ್ತೆಯ ಬದಲಿಗೆ ಇನ್ನೊಂದು ಚೀಲ ಇಟ್ಟು, ಗಾಡಿ ಭಾರಕ್ಕೆ ಕೂತ ಮೇಲೆ ಕೆಳಗೆ ತೂರಿ ಬಿಗಿದೆ. ಅಕ್ಕಪಕ್ಕದ ಗ್ಯಾರೇಜಿನವರು ನಕ್ಕರು. ಮಿಸ್ತ್ರಿ ಗಾಡಿಗೆ ನೈವೇದ್ಯ ಮಾಡುತ್ತಿದ್ದಾನೆ ಎಂದರು. ನಗಲಿ ಬಿಡಿ ಅಂದುಕೊಂಡೆ. ಮುಂದೆ ನನ್ನ ಶೆಡ್ಡಿನಲ್ಲಿ ಅದು ಕಾಯಂ ಪದ್ಧತಿಯಾಯಿತು. ಯಾರ ಗಾಡಿಯೇ ಬರಲಿ, ಕೂರುವವರು ಬಂದು ಕೂರದೆ ನಾನು ಬೋಲ್ಟು ಬಿಗಿಯುತ್ತಿರಲಿಲ್ಲ. ದೊಡ್ಡ ದೊಡ್ಡ ಸಾಹೇಬರೂ ಮನೆಮಂದಿಯನ್ನು ಕರೆತಂದು ನನ್ನ ತಗಡಿನ ಶೆಡ್ಡಿನಲ್ಲಿ ಬೆವರುತ್ತ ಕೂತಿದ್ದಾರೆ.

ಮತ್ತೆ ಅದೇ ದಾರಿಯಲ್ಲಿ ಮಲಗಿ ಹೋದೆ. ಎರಡೂ ಹಳ್ಳ ದಾಟಿ ತಾಂಡಾದ ತನಕ ಹೋಗಿ ಬಂದೆ. ಕುಲುಕಾಟವಿತ್ತು, ಒದೆತವಿರಲಿಲ್ಲ. ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಗಾಡಿ ಸರಿಯಾದ ಸುದ್ದಿ ಗಾಡಿ ಕೆಟ್ಟ ಸುದ್ದಿಯಷ್ಟು ಬೇಗ ಓಡುವುದಿಲ್ಲ. ಶಾಂತಾಬಾಯಿ ತಾಂಡಾ ತಾಂಡಾ ಅಲೆದರು, ಒಬ್ಬಳೂ ಹತ್ತಲಿಲ್ಲ. ಮೀಟಿಂಗಿಗೆ ಎಂಟು ದಿನ ಉಳಿದಿತ್ತು.

ಅವತ್ತು ಔಷಧಿ ಒಯ್ಯಲು ಜೀಪಿನಲ್ಲೇ ಶಹರಕ್ಕೆ ಬಂದ ಶಾಂತಾಬಾಯಿ ನಮ್ಮ ಮನೆಗೆ ಊಟಕ್ಕೆ ಬಂದರು. ನನ್ನ ಹೆಂಡತಿ ಮಹಾದೇವಿ ಆಗ ಏಳು ತಿಂಗಳ ಬಸುರಿ, ಎರಡನೆಯದು. ರೊಟ್ಟಿ ಬಡಿಯುತ್ತ ಅವಳೇ ಕೇಳಿದಳು, ಯಾಕೆ ಯಾರೂ ಹತ್ತುವುದಿಲ್ಲ ಎಂದು.

"ಮಥುರಾನ ಅತ್ತಿ ಇದ್ದಾಳಲ್ಲ ತಾಯಿ, ಆಕಿ ಮಾತು ಅಲ್ಲಿ ನಡೀತದ" ಎಂದರು ಶಾಂತಾಬಾಯಿ. "ಆಕಿ ಒಂದೇ ಕೇಳ್ತಾಳ. ನಮ್ಮಲ್ಲಿ ಎತ್ತಿನ ಗಾಡಿ ಮಾಡಿದ ಬಡಿಗ ಮೊದಲು ತನ್ನ ಮನಿಯವರನ್ನ ಕೂಡಸ್ತಾನ. ಈ ಗಾಡಿ ಕಟ್ಟಿದಾವ ತನ್ನ ಹೆಂಡ್ತಿನ್ನ ಕೂಡ್ಸ್ಯಾನೇನು, ಅಂತಾಳ."

ನಾನು ತಟ್ಟೆ ನೋಡುತ್ತ ಕೂತೆ. ಈ ಮಾತು ಅವರು ನನಗೆ ಎರಡು ದಿನದ ಹಿಂದೆಯೇ ಹೇಳಿದ್ದರು. ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಮಹಾದೇವಿ ರೊಟ್ಟಿ ತಿರುವಿ ಹಾಕಿ, "ನಾ ಕೂಡ್ತೀನಿ ತಗೋರಿ" ಎಂದಳು.

ನಾನು ಬೇಡವೆಂದೆ. ಬಿಸಿಲು ಎಂದೆ, ದೂರ ಎಂದೆ, ಹೆಣ್ಣುಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. ಪಕ್ಕದ ಉಡುಪಿ ಹೋಟೆಲಿನವರ ಮನೆಯಲ್ಲಿ ಬಿಡುತ್ತೇನೆ ಎಂದಳು. ನಾನು ಮತ್ತೇನೋ ಹೇಳಲು ಹೋದೆ.

"ಒಂದು ಮಾತು ಕೇಳ್ತೀನಿ" ಎಂದಳು. "ಗಾಡಿ ಬರೋಬ್ಬರಿ ಆಗ್ಯಾದೋ ಇಲ್ಲೋ?"

"ಆಗ್ಯಾದ."

"ಮಂದಿ ಹೆಂಡರಿಗಷ್ಟೇ ಆಗ್ಯಾದೇನ್ರಿ?"

ನಿಜ ಹೇಳಬೇಕೆಂದರೆ ನನಗೆ ಭಯವಿತ್ತು. ನನ್ನ ಕೆಲಸದ ಮೇಲೆ ನನಗಿದ್ದ ನಂಬಿಕೆ ನಾನು ಮಲಗಿ ನೋಡುವಷ್ಟಿತ್ತು, ಅವಳನ್ನು ಮಲಗಿಸುವಷ್ಟಿರಲಿಲ್ಲ. ಕಸುಬಿಗೆ ಹೊಸದಾಗಿ ಬಂದವರೇ, ನಿಮಗೂ ಒಂದು ದಿನ ಈ ಪರೀಕ್ಷೆ ಬಂದೀತು. ಕಂಪ್ಯೂಟರಿನ ಪರದೆ ಹಸಿರು ತೋರಿಸಿದರೂ ನಿಮ್ಮ ಒಳಗಿನ ಉತ್ತರ ಬೇರೆಯಾಗಿದ್ದರೆ, ಇನ್ನೊಮ್ಮೆ ಬಿಚ್ಚಿ ನೋಡಿ. ನಾನು ನೋಡಿದೆ. ಮರುದಿನ ಜೀಪಿನ ಕೆಳಗೆ ತೂರಿ ಒಂದೊಂದು ಬೋಲ್ಟನ್ನೂ ಮತ್ತೆ ಮುಟ್ಟಿದೆ. ಶಾಂತಾಬಾಯಿ ಮಹಾದೇವಿಯ ಹೊಟ್ಟೆ, ನಾಡಿ ಎಲ್ಲ ನೋಡಿ, ಏನೂ ಅಂಜಿಕೆಯಿಲ್ಲ, ಕೆಟ್ಟ ಜಾಗದಲ್ಲಿ ನಾನೇ ಇಳಿಸುತ್ತೇನೆ ಎಂದರು. ಅದರ ಮರುದಿನ ಬೆಳಿಗ್ಗೆ ಹೊರಟೆವು.

ತಾಂಡಾಕ್ಕೆ ಹೋಗುವಾಗ ಮಹಾದೇವಿ ಎದ್ದು ಕೂತೇ ಬಂದಳು. ತಾಂಡಾದ ಹೆಂಗಸರು ದೂರದಲ್ಲಿ ನಿಂತು ನೋಡಿದರು. ಮಥುರಾ ಕಂಕುಳಲ್ಲಿ ಕೂಸು ಎತ್ತಿಕೊಂಡು ಒಂದು ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಮುಖ ನೋಡಲಾರದೆ ಕೂಸನ್ನು ನೋಡಿದೆ, ಗುಂಡಗಿತ್ತು. ಅವಳ ಅತ್ತೆ ಮುಂದೆ ಬಂದಳು. ಮೊಣಕೈ ತನಕ ಬಳೆ, ಹಣೆಯ ತುಂಬ ಗೆರೆ. ಮಹಾದೇವಿಯ ಹೊಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಇವಳು ನಿನ್ನವಳೇ?" ಎಂದು ಮರಾಠಿಯಲ್ಲಿ ಕೇಳಿದಳು.

"ಹೌದು ಆಯೀ" ಎಂದೆ.

"ಮಲಗಿಸು. ನಾನೂ ಬರುತ್ತೇನೆ. ಎರಡೂ ಹಳ್ಳ ದಾಟಿ ವಾಪಸು ಇಲ್ಲಿಗೇ ತರಬೇಕು."

ಮಹಾದೇವಿ ಬೆಂಚಿನ ಮೇಲೆ ಮಲಗಿದಳು. ಮುದುಕಿ ಅವಳ ತಲೆಯ ಹತ್ತಿರ ಕೂತಳು, ಶಾಂತಾಬಾಯಿ ಎದುರಿಗೆ. ನಾನು ಡ್ರೈವರನ ಪಕ್ಕ ಕೂತೆ. ಹಿಂದೆ ನನಗೆ ಜಾಗವಿರಲಿಲ್ಲ, ಧೈರ್ಯವೂ ಇರಲಿಲ್ಲ.

ಕಲ್ಲು ಶುರುವಾಯಿತು. ನಾನು ಕಿವಿಯನ್ನು ಹಿಂದಕ್ಕೆ ಬಿಟ್ಟು ಕೂತೆ. ಪಟ್ಟಿಗಳು ಬಗ್ಗಿ ಏಳುವ ಮೆತ್ತನೆಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಎರಡನೆಯ ಹಳ್ಳಕ್ಕೆ ಇಳಿಯುವಾಗ ಗಾಲಿ ಒಂದು ದೊಡ್ಡ ಬಂಡೆ ಹತ್ತಿ ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಜೀಪು ಒಮ್ಮೆ ತಗ್ಗಿ, ಒಮ್ಮೆ ಎದ್ದು, ಸುಮ್ಮನಾಯಿತು. ಹಿಂದಿನಿಂದ ಯಾರೂ ಕೂಗಲಿಲ್ಲ. ಹಳ್ಳಗಳ ಆಚೆ ಜೀಪು ತಿರುಗಿಸಿ ಬರುವಾಗಲೂ ಯಾರೂ ಮಾತಾಡಲಿಲ್ಲ.

ತಾಂಡಾ ಕಂಡಿತು. ಹೆಂಗಸರೆಲ್ಲ ರಸ್ತೆಯ ಎರಡೂ ಕಡೆ ಬಂದು ನಿಂತಿದ್ದರು. ಡ್ರೈವರು ಬ್ರೇಕಿನ ಮೇಲೆ ಕಾಲಿಟ್ಟ. ಆಗ ಮುದುಕಿ ಹಿಂದಿನಿಂದ ಕೈ ಚಾಚಿ ಅವನ ಭುಜ ತಟ್ಟಿದಳು. ನಾನು ತಿರುಗಿ ನೋಡಿದೆ. ಮಹಾದೇವಿಯ ತಲೆ ಮುದುಕಿಯ ತೊಡೆಯ ಮೇಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

"ನಿಲ್ಲಿಸಬೇಡ" ಎಂದಳು ಮುದುಕಿ, ತಗ್ಗಿದ ದನಿಯಲ್ಲಿ. "ನಿದ್ದೆ ಹತ್ತಿದೆ. ಇನ್ನೊಂದು ಸುತ್ತು ಹೋಗೋಣ."